ಗುರಿಗೆ ಒಂದು ಕಣ್ಣು, ಆಳಕ್ಕೆ ಎರಡು

ಮೊದಲು ಕೈಯಲ್ಲಿರುವ ಮೊಬೈಲ್ ಕೆಳಗಿಡಿ. ಎರಡೂ ಕೈ ಬೇಕು. ಎರಡೂ ಅಂಗೈ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಿಂಡಿ ಮಾಡಿಕೊಳ್ಳಿ. ಒಂದು ಕೈ ಇನ್ನೊಂದರ ಮೇಲೆ ಸ್ವಲ್ಪ ಕೂತರೆ ಕಿಂಡಿ ಚಿಕ್ಕದಾಗುತ್ತದೆ. ಈಗ ಎರಡೂ ಕಣ್ಣು ಬಿಟ್ಟುಕೊಂಡು, ಆ ಕಿಂಡಿಯೊಳಗಿಂದ ನನ್ನ ಹಿಂದಿರುವ ಗೋಡೆ ಗಡಿಯಾರ ನೋಡಿ. ಸಿಕ್ಕಿತಾ? ಕೈ ಅಲ್ಲಾಡಿಸಬೇಡಿ. ಹಾಗೇ ಎಡಗಣ್ಣು ಮುಚ್ಚಿ. ಗಡಿಯಾರ ಅಲ್ಲೇ ಇದ್ದರೆ ನೀವು ಬಲಗಣ್ಣಿನವರು. ಗಡಿಯಾರ ಮಾಯವಾಗಿ ನಿಮ್ಮ ಕೈಯೇ ಕಂಡರೆ ಎಡಗಣ್ಣಿನವರು.

ಬಲಗಣ್ಣಿನವರು ಕೈ ಎತ್ತಿ. ಸರಿ. ಈಗ ಎಡಗಣ್ಣಿನವರು. ನೋಡಿ, ಎಲ್ಲಿ ಮಾಡಿಸಿದರೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೂರರಲ್ಲಿ ಎರಡು ಪಾಲು ಬಲಗಣ್ಣು, ಒಂದು ಪಾಲು ಎಡಗಣ್ಣು. ಒಮ್ಮೆ ಇದು ಒಮ್ಮೆ ಅದು ಅನ್ನುವವರು ಅಲ್ಲೊಬ್ಬರು ಇಲ್ಲೊಬ್ಬರು. ಕೈಯಲ್ಲಿ ಎಡಚರು ನೂರಕ್ಕೆ ಹತ್ತು ಜನ. ಕಣ್ಣಿನಲ್ಲಿ ಎಡಚರು ಅದರ ಮೂರು ಪಟ್ಟು. ಅಂದರೆ ಬಲಗೈಯಲ್ಲಿ ಬರೆದು ಎಡಗಣ್ಣಿನಲ್ಲಿ ಗುರಿ ಹಿಡಿಯುವವರು ಈ ಸಭೆಯಲ್ಲೇ ಬೇಕಾದಷ್ಟಿದ್ದಾರೆ. ನಾನೂ ಒಬ್ಬ.

ನನಗೆ ಇದು ಗೊತ್ತಾಗಿದ್ದು ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆಯ ವಿದ್ಯೆ, ಓದುವಾಗ ಅಲ್ಲ, ಒಂದು ಕ್ಯಾಮೆರಾದಿಂದ. ಇಣುಕುವ ಕಿಂಡಿ ಎಡ ಮೂಲೆಯಲ್ಲಿದ್ದ ಕ್ಯಾಮೆರಾ ಅದು. ಎಷ್ಟು ಒರೆಸಿದರೂ ಅದರ ಸ್ಕ್ರೀನ್ ಮೇಲೆ ದಿನಾ ಜಿಡ್ಡು. ತಮ್ಮನ ಮೇಲೆ ರೇಗಿದೆ. ಅವನು ಕ್ಯಾಮೆರಾ ಮುಟ್ಟೇ ಇರಲಿಲ್ಲ ಪಾಪ. ಒಂದು ದಿನ ಅವನೇ ನಾನು ಫೋಟೋ ತೆಗೆಯುವುದನ್ನು ಪಕ್ಕದಿಂದ ನೋಡಿ ಹೇಳಿದ, 'ಅಣ್ಣಾ, ಅದು ನಿನ್ನ ಮೂಗು.' ಬಲಗಣ್ಣಿಟ್ಟು ನೋಡುವವರ ಮೂಗು ಕ್ಯಾಮೆರಾದ ಆಚೆ ಉಳಿಯುತ್ತದೆ. ನಾನು ಎಡಗಣ್ಣು ಇಡುತ್ತಿದ್ದೆ, ಮೂಗು ನೇರ ಹೋಗಿ ಸ್ಕ್ರೀನ್ ಮೇಲೆ ಕೂರುತ್ತಿತ್ತು. ಕ್ಯಾಮೆರಾ ಮಾಡಿದವರು ಮೂರರಲ್ಲಿ ಎರಡು ಪಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೆ ಡಾಮಿನೆಂಟ್ ಐ ಅನ್ನುತ್ತಾರೆ. ನನಗೆ ಆ ಹೆಸರು ಅಷ್ಟು ಇಷ್ಟವಿಲ್ಲ. ಒಂದು ಕಣ್ಣು ಯಜಮಾನ, ಇನ್ನೊಂದು ಆಳು ಅನ್ನಿಸಿಬಿಡುತ್ತದೆ. ನಾನು ಮುಂದಾಳು ಕಣ್ಣು ಅನ್ನುತ್ತೇನೆ. ಇವತ್ತು ನಾನು ಹೇಳಬೇಕೆಂದಿರುವುದೂ ಅದೇ. ಈ ಮುಂದಾಳುತನ ಒಂದು ಚಿಕ್ಕ ಕೆಲಸಕ್ಕೆ ಮಾತ್ರ. ಜಗತ್ತು ಉಬ್ಬುತಗ್ಗಾಗಿ, ಹತ್ತಿರ ದೂರವಾಗಿ ಕಾಣುವ ದೊಡ್ಡ ಕೆಲಸದಲ್ಲಿ ಮುಂದಾಳೂ ಇಲ್ಲ, ಹಿಂದಾಳೂ ಇಲ್ಲ.

ಕ್ಲಿನಿಕ್ಕಿಗೆ ಬಂದವರಿಗೆ ಈ ಕಿಂಡಿ ಪರೀಕ್ಷೆ ಮಾಡಿಸಿದಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಬರುತ್ತವೆ. ಒಂದು, 'ಹಾಗಾದರೆ ನನ್ನ ಇನ್ನೊಂದು ಕಣ್ಣು ವೀಕಾ?' ಅಲ್ಲ. ಬೋರ್ಡಿನ ಕೊನೆಯ ಸಾಲನ್ನು ಎಡಗಣ್ಣಿನಲ್ಲಿ ಚೆನ್ನಾಗಿ ಓದಿ, ಕಿಂಡಿಯೊಳಗೆ ಬಲಗಣ್ಣಿನಲ್ಲೇ ನೋಡುವವರು ಬೇಕಾದಷ್ಟಿದ್ದಾರೆ. ಎರಡನೆಯದು, 'ನಾನು ಬಲಗೈಯವನು, ಕಣ್ಣು ಮಾತ್ರ ಯಾಕೆ ಎಡ?' ಇದಕ್ಕೆ ತಲೆಯೊಳಗಿನ ತಂತಿ ಹೇಗೆ ಎಳೆದಿದ್ದಾರೆ ಅಂತ ನೋಡಬೇಕು. ಬಲಗೈಯನ್ನು ನಡೆಸುವುದು ಎಡ ಮೆದುಳು. ಕಣ್ಣಿನ ಕತೆ ಹಾಗಲ್ಲ. ಪ್ರತಿ ಕಣ್ಣಿನ ನರವೂ ದಾರಿಯಲ್ಲಿ ಎರಡು ಪಾಲಾಗಿ, ಒಂದು ಪಾಲು ಎಡ ಮೆದುಳಿಗೆ, ಇನ್ನೊಂದು ಬಲ ಮೆದುಳಿಗೆ ಹೋಗುತ್ತದೆ. ಎರಡೂ ಕಣ್ಣಿಗೆ ಎರಡೂ ಕಡೆ ಮನೆಯಿದೆ. ಹಾಗಾಗಿ ಕೈಗೂ ಕಣ್ಣಿಗೂ ಇರುವ ನಂಟು ತೀರಾ ಸಡಿಲ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಈ ಮುಂದಾಳುತನ ಕಾಯಂ ಹುದ್ದೆಯೂ ಅಲ್ಲ. 2001ರಲ್ಲಿ ಕೆನಡಾದ ಇಬ್ಬರು ಸಂಶೋಧಕರು, ಬೇರೆ ಬೇರೆ ದಿಕ್ಕಿನಲ್ಲಿ ಕಾಣುವ ವಸ್ತುವಿಗೆ ಕೈ ಚಾಚುವಂತೆ ಜನರಿಗೆ ಹೇಳಿ ಪರೀಕ್ಷೆ ಮಾಡಿದರು. ವಸ್ತು ಬಲಕ್ಕೆ ಸರಿದಾಗ ಬಲಗಣ್ಣಿನ ಲೆಕ್ಕ, ಎಡಕ್ಕೆ ಸರಿದಾಗ ಎಡಗಣ್ಣಿನ ಲೆಕ್ಕ. ನಟ್ಟನಡುವಿನಿಂದ ಸುಮಾರು 15 ಡಿಗ್ರಿ ಆಚೆ ಹೋದರೆ ಸಾಕು, ಅಧಿಕಾರ ಕೈ ಬದಲಾಗುತ್ತಿತ್ತು. ಯಾಕೆ? ಬಲಕ್ಕೆ ನೋಡುವಾಗ ಎಡಗಣ್ಣಿಗೆ ಮೂಗು ಅಡ್ಡ. ಬಲಗಣ್ಣಿಗೆ ಬಯಲು. ಚೆನ್ನಾಗಿ ಕಾಣುವವರ ಕೈಗೆ ಮೆದುಳು ಕೆಲಸ ಕೊಡುತ್ತದೆ, ಅಷ್ಟೇ. ಕಿಂಡಿ ಪರೀಕ್ಷೆಯಲ್ಲಿ ನಾವು ನೋಡುವುದು ನಟ್ಟನಡುವಿನಲ್ಲಿ ಯಾರು ಅನ್ನುವುದನ್ನು ಮಾತ್ರ.

ಆದರೆ ಮುಂದಾಳು ಯಾಕೆ ಬೇಕಾಯಿತು? ಅದಕ್ಕೆ ಇನ್ನೊಂದು ಆಟ. ತೋರುಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಬೆರಳನ್ನು ನೋಡಬೇಡಿ. ಅದರ ಆಚೆ ಗಡಿಯಾರ ನೋಡಿ. ಬೆರಳು ಎಷ್ಟಿವೆ? ಎರಡು, ಅಲ್ವಾ? ಈಗ ಬೆರಳನ್ನೇ ನೋಡಿ. ಬೆರಳು ಒಂದಾಯಿತು, ಗಡಿಯಾರ ಎರಡಾಯಿತು. ಗಾಬರಿ ಬೇಡ. ಹೀಗೆ ಕಂಡರೇನೇ ನಿಮ್ಮ ಎರಡೂ ಕಣ್ಣು ಸರಿಯಾಗಿ ಕೆಲಸ ಮಾಡುತ್ತಿವೆ ಅಂತ ಅರ್ಥ. ನಾವು ಯಾವ ದೂರಕ್ಕೆ ದೃಷ್ಟಿ ನೆಟ್ಟಿದ್ದೇವೋ ಅದಕ್ಕಿಂತ ಬಹಳ ಹತ್ತಿರದ್ದು, ಬಹಳ ದೂರದ್ದು ಎಲ್ಲವೂ ದಿನವಿಡೀ ಎರಡೆರಡಾಗೇ ಕಾಣುತ್ತಿರುತ್ತದೆ. ಮೆದುಳು ಅದನ್ನು ಗಮನಕ್ಕೆ ತರುವುದಿಲ್ಲ. ಇವತ್ತು ಮನೆಗೆ ಹೋದ ಮೇಲೆ ನಿಮಗೆ ಇದೇ ಕಾಣತೊಡಗಿದರೆ ನನ್ನನ್ನು ಬೈಯಬೇಡಿ. ಎರಡು ದಿನದಲ್ಲಿ ಮರೆತುಹೋಗುತ್ತದೆ.

ಈಗ ಅದೇ ಬೆರಳಿನಿಂದ ಗಡಿಯಾರದ ಕಡೆ ಬೊಟ್ಟು ಮಾಡಿ. ಬೆರಳು ಎರಡಿದೆ, ಗಡಿಯಾರ ಒಂದಿದೆ. ಯಾವ ಬೆರಳನ್ನು ಗಡಿಯಾರಕ್ಕೆ ಹೊಂದಿಸುತ್ತೀರಿ? ಎರಡನ್ನೂ ಹೊಂದಿಸಲು ಆಗುವುದಿಲ್ಲ. ಒಂದನ್ನು ಬಿಡಲೇಬೇಕು. ಇಲ್ಲೇ ಮುಂದಾಳು ಹುಟ್ಟುವುದು. ಹತ್ತಿರದ ಒಂದು ಬಿಂದುವನ್ನೂ ದೂರದ ಒಂದು ಬಿಂದುವನ್ನೂ ಒಂದೇ ಗೆರೆಗೆ ತರಬೇಕಾದಾಗ ಎರಡು ಕಣ್ಣಿನಿಂದ ಎರಡು ಉತ್ತರ ಬರುತ್ತದೆ. ಒಂದನ್ನು ಆರಿಸುವುದು ಮೆದುಳಿನ ಅಭ್ಯಾಸ.

ಬಡಗಿ ಹಲಗೆಯ ಅಂಚು ನೆಟ್ಟಗಿದೆಯಾ ಅಂತ ನೋಡುವಾಗ ಏನು ಮಾಡುತ್ತಾನೆ? ಹಲಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಾನೆ. ಕೇರಂ ಆಡುವವರೂ ಅಷ್ಟೇ, ಗೋಲಿ ಆಡುವವರೂ ಅಷ್ಟೇ. ಗೆರೆ ಹಿಡಿಯುವ ಕೆಲಸಕ್ಕೆ ಎರಡನೇ ಕಣ್ಣು ಬರೀ ತಂಟೆ.

ಕೊಡಗಿನವರು ಯಾರಾದರೂ ಇದ್ದೀರಾ? ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿರುತ್ತೀರಿ. ಅಲ್ಲಿಂದ ನನ್ನ ಬಳಿ ಬಂದ ಒಬ್ಬ ಹುಡುಗನ ಕಷ್ಟ ಏನೆಂದರೆ, ಗುಂಡು ಸದಾ ಕಾಯಿಯ ಒಂದೇ ಪಕ್ಕಕ್ಕೆ ಹೋಗುತ್ತಿತ್ತು. ಕಣ್ಣು ಪರೀಕ್ಷೆ ಮಾಡಿದರೆ ಎರಡೂ ಕಣ್ಣು ಚಿನ್ನ. ಕಿಂಡಿ ಪರೀಕ್ಷೆ ಮಾಡಿಸಿದೆ. ಎಡಗಣ್ಣು. ಕೋವಿಯ ಹಿಡಿ ಇರುವುದು ಬಲ ಭುಜದ ಮೇಲೆ, ನಳಿಗೆಯ ನೇರಕ್ಕೆ ಇರುವುದು ಬಲಗಣ್ಣು. ಎರಡೂ ಕಣ್ಣು ತೆರೆದಾಗ ಮಾತ್ರ ಎಡಗಣ್ಣು ಮಧ್ಯೆ ಬಾಯಿ ಹಾಕುತ್ತಿತ್ತು. ಅವನ ಕನ್ನಡಕದ ಎಡಗಾಜಿಗೆ, ಕಣ್ಣಿನ ನೇರಕ್ಕೆ, ಮಬ್ಬು ಸೆಲ್ಲೋಟೇಪಿನ ಒಂದು ಚೂರು ಅಂಟಿಸಿ ಕಳಿಸಿದೆ. ಇದು ನನ್ನ ಕಂಡುಹಿಡಿಯುವಿಕೆ ಅಲ್ಲ, ಶೂಟಿಂಗ್ ಕಲಿಸುವವರೆಲ್ಲ ಮಾಡುವ ಉಪಾಯ. ಬೆಳಕು ಬರುತ್ತದೆ, ಆದರೆ ಎಡಗಣ್ಣಿಗೆ ನಳಿಗೆಯ ತುದಿ ಕಾಣುವುದಿಲ್ಲ. ಮುಂದಿನ ಹಬ್ಬಕ್ಕೆ ಅವನು ಕಾಯಿ ಒಡೆದನೋ ಇಲ್ಲವೋ ಹೇಳಲು ಬರಲಿಲ್ಲ. ಹೊಡೆದಿದ್ದರೆ ಬಂದೇ ಬರುತ್ತಿದ್ದ ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

ಈ ಬೊಟ್ಟು ಮಾಡುವ ಪರೀಕ್ಷೆ ತುಂಬಾ ಹಳೆಯದು. ಇಟಲಿಯ ನೇಪಲ್ಸ್‌ನ ಜಾಂಬತ್ತಿಸ್ತಾ ದೆಲ್ಲಾ ಪೋರ್ತಾ 1593ರಲ್ಲೇ ಬರೆದಿಟ್ಟಿದ್ದಾನೆ. ಬೆರಳಿನ ಬದಲು ಕೋಲು. ಮುಂದೆ ಕೋಲು ಹಿಡಿದು ಗೋಡೆಯ ಬಿರುಕಿಗೆ ಹೊಂದಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡು ಅಂದ. ಅವನು ಇನ್ನೊಂದು ಪ್ರಯೋಗವನ್ನೂ ಮಾಡಿದ. ಬಲಗಣ್ಣಿನ ಮುಂದೆ ಒಂದು ಪುಸ್ತಕ, ಎಡಗಣ್ಣಿನ ಮುಂದೆ ಇನ್ನೊಂದು ಪುಸ್ತಕ ಇಟ್ಟು ಓದಲು ನೋಡಿದ. ಒಂದು ಸಲಕ್ಕೆ ಒಂದನ್ನೇ ಓದಲು ಆಯಿತು. ಇಷ್ಟು ನೋಡಿ ಅವನು ಒಂದು ತೀರ್ಮಾನಕ್ಕೆ ಬಂದ. ನಾವು ಯಾವಾಗಲೂ ಒಂದೇ ಕಣ್ಣಿನಿಂದ ನೋಡುತ್ತೇವೆ, ಇನ್ನೊಂದು ಆಗ ಸುಮ್ನೆ ಇರುತ್ತದೆ ಅಂತ. ಪ್ರಯೋಗ ಎರಡೂ ಸರಿ, ತೀರ್ಮಾನ ತಪ್ಪು. ಇವತ್ತಿಗೂ ಬಹಳ ಜನ ಮುಂದಾಳು ಕಣ್ಣಿನ ಬಗ್ಗೆ ಮಾಡುವ ತಪ್ಪು ಅದೇ.

ಅದು ತಪ್ಪು ಅಂತ ತೋರಿಸಲು ಪೋರ್ತಾನ ನಂತರ ಎರಡೂವರೆ ಶತಮಾನ ಬೇಕಾಯಿತು. 1838ರಲ್ಲಿ ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟೋನ್ ರಾಯಲ್ ಸೊಸೈಟಿಗೆ ಒಂದು ಲೇಖನ ಕೊಟ್ಟರು. ಅವರ ಉಪಕರಣ ತುಂಬಾ ಸರಳ. ಎರಡು ಕನ್ನಡಿಗಳನ್ನು ಮೂಗಿನ ಮುಂದೆ ವಿ ಆಕಾರದಲ್ಲಿ ನಿಲ್ಲಿಸಬೇಕು. ಬಲಗಣ್ಣಿಗೆ ಬಲಗಡೆಯ ಚಿತ್ರ ಮಾತ್ರ, ಎಡಗಣ್ಣಿಗೆ ಎಡಗಡೆಯ ಚಿತ್ರ ಮಾತ್ರ ಕಾಣಬೇಕು. ಎರಡೂ ಬರೀ ಗೆರೆಯಲ್ಲಿ ಬಿಡಿಸಿದ ಚಿತ್ರ. ಒಂದೇ ವಸ್ತುವನ್ನು ಎಡಗಣ್ಣು ಹೇಗೆ ನೋಡುತ್ತದೋ ಹಾಗೆ ಒಂದು, ಬಲಗಣ್ಣು ಹೇಗೆ ನೋಡುತ್ತದೋ ಹಾಗೆ ಒಂದು. ನಡುವೆ ಮುಖವಿಟ್ಟು ನೋಡಿದರೆ ಆ ಗೆರೆಗಳು ಕಾಗದ ಬಿಟ್ಟು ಎದ್ದು ನಿಲ್ಲುತ್ತವೆ. ಇದೇ ಸ್ಟೀರಿಯೋಸ್ಕೋಪ್. ಎಡಚಿತ್ರದಲ್ಲಿ ಆಳವಿಲ್ಲ, ಬಲಚಿತ್ರದಲ್ಲೂ ಆಳವಿಲ್ಲ. ಆಳ ಇರುವುದು ಅವೆರಡರ ನಡುವಿನ ವ್ಯತ್ಯಾಸದಲ್ಲಿ. ಪೋರ್ತಾ ಹೇಳಿದಂತೆ ಮೆದುಳು ಒಂದನ್ನು ಎಸೆದುಬಿಟ್ಟಿದ್ದರೆ ಆ ಗೆರೆಗಳು ಏಳುತ್ತಲೇ ಇರಲಿಲ್ಲ.

ಒಂದು ಅನುಮಾನ ಉಳಿದಿತ್ತು. ಎಡಗಣ್ಣು ಮೊದಲು ವಸ್ತುವನ್ನು ಗುರುತಿಸಿ, ಬಲಗಣ್ಣೂ ಗುರುತಿಸಿ, ಆಮೇಲೆ ಮೆದುಳು ಎರಡನ್ನೂ ಹೋಲಿಸುತ್ತದೆಯಾ ಅಂತ. ಇದನ್ನು ಬಗೆಹರಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಬೇಲಾ ಯೂಲೆಸ್. 1960ರಲ್ಲಿ ಅವರು ಕಂಪ್ಯೂಟರಿನಿಂದ ಬರೀ ಚುಕ್ಕಿಗಳ ಎರಡು ಚಿತ್ರ ಮಾಡಿಸಿದರು. ಸಾಸಿವೆ ಚೆಲ್ಲಿದ ಹಾಗೆ, ತಲೆಬುಡ ಇಲ್ಲದ ಚುಕ್ಕಿ. ಎರಡೂ ಒಂದೇ, ಒಂದು ಬಿಟ್ಟು. ನಡುವಿನ ಒಂದು ಚೌಕದ ಚುಕ್ಕಿಗಳನ್ನು ಒಂದು ಚಿತ್ರದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಸಿದ್ದರು. ಒಂದೇ ಕಣ್ಣಲ್ಲಿ ಎಷ್ಟು ಹೊತ್ತು ನೋಡಿದರೂ ಚೌಕ ಇಲ್ಲ. ಎರಡು ಕಣ್ಣು ಸೇರಿಸಿ ನೋಡಿದರೆ ಚೌಕ ತೇಲಿ ಬರುತ್ತದೆ. ಅಂದರೆ ಎಡಗಣ್ಣೂ ನೋಡದ, ಬಲಗಣ್ಣೂ ನೋಡದ ಒಂದು ಚೌಕವನ್ನು ನೀವು ನೋಡುತ್ತಿದ್ದೀರಿ. ನನಗೆ ಮೊದಲ ಸಲ ಅದು ಎದ್ದು ಬರಲು ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಬಂದಾಗ ಕುರ್ಚಿಯಲ್ಲಿ ಹಿಂದಕ್ಕೆ ಸರಿದಿದ್ದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಅಂತರ್ಜಾಲದಲ್ಲಿ ಆಕ್ಯುಲರ್ ಡಾಮಿನೆನ್ಸ್, ಅಂದರೆ ಕಣ್ಣಿನ ಮುಂದಾಳುತನ, ಅಂತ ಹುಡುಕಿದರೆ ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ಹೆಸರು ಬರುತ್ತವೆ. 1981ರ ನೊಬೆಲ್ ಪಡೆದವರು. ಮೆದುಳಿನಲ್ಲಿ ಕೆಲವು ಜೀವಕೋಶಗಳು ಎಡಗಣ್ಣಿಗೆ ಜಾಸ್ತಿ ಓಗೊಡುತ್ತವೆ, ಪಕ್ಕದ ಪಟ್ಟಿಯವು ಬಲಗಣ್ಣಿಗೆ ಅಂತ ತೋರಿಸಿದವರು. ಅದು ಬೇರೆ, ಕಿಂಡಿ ಪರೀಕ್ಷೆ ಬೇರೆ. ಹೆಸರು ಒಂದೇ ಆಗಿ ಎಷ್ಟೋ ಉತ್ತರಪತ್ರಿಕೆಗಳು ಹಾಳಾಗಿವೆ.

ಈಗ ಸ್ವಲ್ಪ ಲೆಕ್ಕ. ನಮ್ಮ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ದೂರ. ಎರಡೂವರೆ ಅಂಗುಲ ಅಂದುಕೊಳ್ಳಿ. ಈ ಇಷ್ಟೇ ಇಷ್ಟು ಅಂತರದಿಂದ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ. ಚೆನ್ನಾಗಿರುವ ಕಣ್ಣುಜೋಡಿ 20 ಸೆಕೆಂಡು ಕೋನದ ವ್ಯತ್ಯಾಸವನ್ನೂ ಹಿಡಿಯುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡು, ಅಂಥ 20. ಇದನ್ನು ದೂರಕ್ಕೆ ಇಳಿಸಿದರೆ ಹೀಗಾಗುತ್ತದೆ. ಸೂಜಿಗೆ ದಾರ ಪೋಣಿಸುವ 40 ಸೆಂಟಿಮೀಟರ್ ದೂರದಲ್ಲಿ, ಕಾಲು ಮಿಲಿಮೀಟರ್ ಹಿಂದೆ ಮುಂದೆ ಆದರೂ ಗೊತ್ತಾಗುತ್ತದೆ. ಒಂದು ಮೀಟರ್ ದೂರದಲ್ಲಿ ಒಂದೂವರೆ ಮಿಲಿಮೀಟರ್. 10 ಮೀಟರ್ ದೂರದಲ್ಲಿ 15 ಸೆಂಟಿಮೀಟರ್. 100 ಮೀಟರಿಗೆ ಹೋದರೆ 15 ಮೀಟರ್ ವ್ಯತ್ಯಾಸ ಇದ್ದರೆ ಮಾತ್ರ. ದೂರ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟಾಗುತ್ತದೆ. ಹಾಗಾಗಿ ಎರಡು ಕಣ್ಣಿನ ಈ ವಿದ್ಯೆ ಮುಖ್ಯವಾಗಿ ಕೈಗೆಟುಕುವ ಜಗತ್ತಿನದು. ಮೈಸೂರಿನಿಂದ ಚಾಮುಂಡಿ ಬೆಟ್ಟ ನೋಡುವಾಗ ನಿಮ್ಮ ಎರಡನೇ ಕಣ್ಣು ಆಳಕ್ಕೆ ಏನೂ ಸೇರಿಸುವುದಿಲ್ಲ. ಅಲ್ಲಿ ಮಬ್ಬು, ಗಾತ್ರ, ಯಾವುದು ಯಾವುದನ್ನು ಮರೆ ಮಾಡಿದೆ ಅನ್ನುವುದು, ಇಂಥ ಒಂಟಿ ಕಣ್ಣಿನ ಸುಳಿವುಗಳೇ ಸಾಕು.

ಸೂಜಿ ಪೋಣಿಸುವಾಗ ಒಂದು ಕಣ್ಣು ಮುಚ್ಚುವ ಅಭ್ಯಾಸ ಬಹಳ ಜನಕ್ಕಿದೆ. ಬಡಗಿಯನ್ನು ನೋಡಿ ಕಲಿತದ್ದೋ ಏನೋ. ಎರಡೂ ಕಣ್ಣು ಬಿಟ್ಟು ಪೋಣಿಸಿ ನೋಡಿ. ಬಡಗಿಯದು ಗೆರೆ, ನಿಮ್ಮದು ಆಳ. ಕೆಲಸ ಬೇರೆ.

ಒಂಟಿ ಕಣ್ಣಿನ ಬದುಕು ಹೇಗೆ ಅಂತ ನನಗೆ ನಾಲ್ಕು ದಿನ ಅನುಭವವಾಗಿದೆ. ತೆಂಗಿನ ಗರಿ ತಾಗಿ ಬಲಗಣ್ಣಿನ ಪಾಪೆಯ ಮೇಲೆ ಗೀರಾಗಿತ್ತು. ಪಟ್ಟಿ ಕಟ್ಟಿದ್ದರು. ನನ್ನ ಮುಂದಾಳು ಎಡಗಣ್ಣು, ಅದು ಚೆನ್ನಾಗೇ ಇತ್ತು. ಮುಂದಾಳು ಇದ್ದಾನಲ್ಲ, ಏನು ತೊಂದರೆ ಅಂದುಕೊಂಡೆ. ಮೊದಲ ಬೆಳಿಗ್ಗೆ ಕಾಫಿ ಆರಿಸಲು ಲೋಟದಿಂದ ಬಟ್ಟಲಿಗೆ ಎರೆದೆ. ಕಾಫಿ ಬಟ್ಟಲಿನ ಈಚೆ, ಮೇಜಿನ ಮೇಲೆ, ಅಲ್ಲಿಂದ ನನ್ನ ಪಂಚೆಯ ಮೇಲೆ. ದಿಕ್ಕು ಸರಿಯಾಗೇ ಇತ್ತು. ನೇರವಾಗಿ ಬಟ್ಟಲಿನ ಕಡೆಗೇ ಎರೆದಿದ್ದೆ. ಒಂದು ಅಂಗುಲ ಮೊದಲೇ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇದೆಯೋ ಮುಗಿಯಿತೋ ಅಂತ ಕಾಲಿನಲ್ಲಿ ತಡಕುತ್ತಿದ್ದೆ. ಮೂರನೇ ದಿನದ ಹೊತ್ತಿಗೆ ಒಂದು ಉಪಾಯ ತಾನಾಗೇ ಬಂತು. ಏನಾದರೂ ಹಿಡಿಯುವ ಮೊದಲು ತಲೆಯನ್ನು ಸ್ವಲ್ಪ ಆಚೀಚೆ ಆಡಿಸುವುದು. ತಲೆ ಆಡಿದಾಗ ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಇಲ್ಲದ ಎರಡನೇ ಕಣ್ಣಿನ ಜಾಗಕ್ಕೆ ಇರುವ ಕಣ್ಣನ್ನೇ ಕೊಂಡೊಯ್ದು ನೋಡಿ ಬಂದ ಹಾಗೆ. ಕೋಳಿ ಕತ್ತು ಆಡಿಸಿಕೊಂಡು ನಡೆಯುವುದನ್ನು ಆಮೇಲೆ ನಾನು ಬೇರೆ ರೀತಿಯಲ್ಲಿ ನೋಡುತ್ತೇನೆ.

ನಾನು ನಾಲ್ಕು ದಿನಕ್ಕೆ ಕಾಫಿ ಚೆಲ್ಲಿದೆ. ಮನ್ಸೂರ್ ಅಲಿ ಖಾನ್ ಪಟೌಡಿ ಅವರನ್ನು ನೆನೆಸಿಕೊಳ್ಳಿ. 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಆಗ 20 ವರ್ಷ. ಲೋಟಕ್ಕೆ ನೀರು ಬಗ್ಗಿಸುವುದನ್ನೂ, ಸಿಗರೇಟು ಹಚ್ಚುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಆಡಲು ಮತ್ತೆ ಇಳಿದಾಗ ಎರಡು ಚೆಂಡು ಕಾಣುತ್ತಿದ್ದವಂತೆ, ಒಳಗಿನ ಚೆಂಡನ್ನು ಆರಿಸಿಕೊಂಡು ಹೊಡೆದೆ ಅಂತ ಅವರೇ ಬರೆದುಕೊಂಡಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಟೆಸ್ಟ್‌ಗೆ ಬಂದರು. ಮುಂದಿನ ತಿಂಗಳು ಮದ್ರಾಸಿನಲ್ಲಿ ಶತಕ. 21ನೇ ವಯಸ್ಸಿಗೆ ಭಾರತದ ನಾಯಕ. ನಮ್ಮ ಬಿ.ಎಸ್. ಚಂದ್ರಶೇಖರ್ 1964ರಲ್ಲಿ ಮೊದಲ ಟೆಸ್ಟ್ ಆಡಿದ್ದು ಅವರ ನಾಯಕತ್ವದಲ್ಲೇ. ಪಟೌಡಿ ಕತೆ ಹೇಳಿದಾಗ, 'ಹಾಗಾದರೆ ಎರಡು ಕಣ್ಣು ಬೇಕೇ ಇಲ್ಲವಲ್ಲ' ಅಂತ ಯಾರಾದರೂ ಕೇಳುತ್ತಾರೆ. ಒಂದು ಕಣ್ಣಿನಲ್ಲಿ ಅಷ್ಟು ಆಡಿದರು ಅನ್ನುವುದು ಅವರ ದೊಡ್ಡತನ. ಎರಡಿದ್ದಿದ್ದರೆ ಇನ್ನೆಷ್ಟು ಆಡುತ್ತಿದ್ದರು ಅಂತ ಕ್ರಿಕೆಟ್ ನೋಡಿದವರೆಲ್ಲ ಕೇಳಿಕೊಂಡಿದ್ದಾರೆ.

ಮುಂದಾಳು ಕಣ್ಣು ನಮ್ಮ ಕ್ಲಿನಿಕ್ಕಿನಲ್ಲಿ ನಿಜವಾಗಿ ಬಳಕೆಗೆ ಬರುವುದು ನಲವತ್ತು ದಾಟಿದವರಿಗೆ. ಚಾಳೀಸು ಬಂದಿದೆ, ಆದರೆ ಕನ್ನಡಕ ಬೇಡ ಅನ್ನುವವರಿಗೆ ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಒಂದು ಹೊಂದಾಣಿಕೆ ಮಾಡುತ್ತಾರೆ. ಸಾಮಾನ್ಯವಾಗಿ ಮುಂದಾಳು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಓದಲು ಹೊಂದಿಸುತ್ತಾರೆ. ಬಹಳ ಜನರಿಗೆ ಒಗ್ಗುತ್ತದೆ. ಆದರೆ ಒಂದು ಚಿತ್ರ ಸ್ಪಷ್ಟ, ಒಂದು ಮಬ್ಬು ಇರುವಾಗ ಸೂಕ್ಷ್ಮವಾದ ಆಳ ಕಡಿಮೆಯಾಗುತ್ತದೆ. ಟೈಲರ್‌ಗಳಿಗೆ, ಅಕ್ಕಸಾಲಿಗರಿಗೆ, ರಾತ್ರಿ ಲಾರಿ ಓಡಿಸುವವರಿಗೆ ನಾನು ಬೇಡ ಅನ್ನುತ್ತೇನೆ.

ಮಕ್ಕಳ ಬಗ್ಗೆ ಒಂದೇ ಮಾತು. ಎರಡು ಕಣ್ಣು ಸೇರಿ ಆಳ ನೋಡುವ ಶಕ್ತಿ ಹುಟ್ಟಿನಿಂದ ಬರುವುದಿಲ್ಲ, ಸುಮಾರು ನಾಲ್ಕನೇ ತಿಂಗಳಿಗೆ ಮೊಳೆಯುತ್ತದೆ. ಆಮೇಲೂ ಮಗುವಿನ ಕಣ್ಣು ಓರೆಯಾಗಿ ಕಂಡರೆ, ಮೆಳ್ಳೆಗಣ್ಣು ಅದೃಷ್ಟ ಅಂತ ಅಜ್ಜಿ ಹೇಳಿದರೂ, ತೋರಿಸಿ. ತಡ ಮಾಡಿದಷ್ಟೂ ಮೆದುಳು ಆ ಕಣ್ಣಿನ ಚಿತ್ರವನ್ನು ಕೈಬಿಡುತ್ತಾ ಹೋಗುತ್ತದೆ.

ಕೊನೆಗೆ ಮನೆಗೆ ಒಂದು ಆಟ. ಒಂದು ಮೊಳದಷ್ಟು ದಾರಕ್ಕೆ ಬೀಗದ ಕೈ ಕಟ್ಟಿ, ಯಾರಾದರೂ ನಿಮ್ಮೆದುರು ಹಿಡಿದು ಎಡಕ್ಕೂ ಬಲಕ್ಕೂ ತೂಗಲಿ. ನೇರ ಗೆರೆಯಲ್ಲೇ ತೂಗಬೇಕು. ನೀವು ಒಂದೆರಡು ಮೀಟರ್ ದೂರ ಕೂತು, ಕಪ್ಪು ಕನ್ನಡಕದ ಒಂದು ಗಾಜನ್ನು ಬಲಗಣ್ಣಿಗೆ ಮಾತ್ರ ಹಿಡಿಯಿರಿ. ಎರಡೂ ಕಣ್ಣು ತೆರೆದಿರಲಿ. ಬೀಗದ ಕೈ ಸುತ್ತು ಹಾಕತೊಡಗುತ್ತದೆ. ಎಡದಿಂದ ಬಲಕ್ಕೆ ಹೋಗುವಾಗ ನಿಮ್ಮ ಹತ್ತಿರ ಬರುತ್ತದೆ, ಮರಳುವಾಗ ದೂರ ಹೋಗುತ್ತದೆ. ಗಾಜನ್ನು ಎಡಗಣ್ಣಿಗೆ ಬದಲಿಸಿದರೆ ಸುತ್ತು ತಿರುಗುಮುರುಗು. ಮಂಕಾದ ಬೆಳಕಿನ ಸುದ್ದಿ ಮೆದುಳಿಗೆ ಚೂರು ತಡವಾಗಿ ತಲುಪುತ್ತದೆ. ಓಡುತ್ತಿರುವ ವಸ್ತುವಿಗೆ ತಡ ಅಂದರೆ ಜಾಗದ ವ್ಯತ್ಯಾಸ. ಎರಡು ಕಣ್ಣಿನ ನಡುವೆ ಜಾಗದ ವ್ಯತ್ಯಾಸ ಅಂದರೆ ಆಳ. ಮುಂದಾಳು ಯಾವುದು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಎಡಗಣ್ಣಿನವರಿಗೂ ಬಲಗಣ್ಣಿನವರಿಗೂ ಒಂದೇ ರೀತಿ ಸುತ್ತುತ್ತದೆ.

ಇದನ್ನು 1922ರಲ್ಲಿ ವಿವರಿಸಿದವರು ಜರ್ಮನಿಯ ಯೇನಾದ ಜೈಸ್ ಕಂಪನಿಯಲ್ಲಿದ್ದ ಕಾರ್ಲ್ ಪುಲ್ಫ್ರಿಖ್. ಎರಡು ಕಣ್ಣಿನಿಂದ ನೋಡುವ ಉಪಕರಣ ಮಾಡುವುದರಲ್ಲೇ ಬದುಕು ಕಳೆದವರು. ಅಷ್ಟರಲ್ಲಿ ಅವರ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ತಮ್ಮ ಹೆಸರು ಹೊತ್ತ ಆ ಸುತ್ತನ್ನು ಅವರು ಒಮ್ಮೆಯೂ ನೋಡಲಿಲ್ಲ.